ಐದು ಜಾಗ, ಆರನೆಯ ಹೆಸರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಿಸೀವರ್ ಎಂದರೆ ಎಸೆದ ಚೆಂಡು ಹಿಡಿಯುವವನು ಎಂದು ಟೊಲೀಡೊ ಊರಿನವರೆಲ್ಲ ತಿಳಿದಿದ್ದರು. ರೂಫಸ್ ಗೇಟ್‌ವುಡ್ ಮಾತ್ರ ಹಾಗೆ ತಿಳಿದಿರಲಿಲ್ಲ.

"ಒಂದು ಮ್ಯಾಚ್‌ನಲ್ಲಿ ಅವನು ಅರವತ್ತು ಸಲ ಗೆರೆ ಮೇಲೆ ಬಂದು ನಿಲ್ತಾನೆ. ಚೆಂಡು ಅವನ ಕಡೆ ಬರೋದು ಐದೋ ಆರೋ ಸಲ. ಆ ಐದನ್ನ ಊರೆಲ್ಲ ನೋಡ್ತದೆ ಕಣಮ್ಮ. ಉಳಿದ ಐವತ್ತೈದನ್ನ ನೋಡೋಕೆ ನಾವಿರೋದು" ಎನ್ನುತ್ತಿದ್ದರು.

ಅವರು ನಮ್ಮ ಗ್ಲೇಜಿಯರ್ಸ್ ತಂಡದ ರಿಸೀವರ್‌ಗಳ ಕೋಚ್. ಅರವತ್ತೊಂದು ವರ್ಷ, ಮಿಸಿಸಿಪ್ಪಿ ಕಡೆಯವರು, ಎರಡೂ ಮೊಣಕಾಲು ಸವೆದು ಮೆಟ್ಟಿಲು ಹತ್ತುವಾಗ ಬಾಯಿಗೆ ಬಂದದ್ದನ್ನೆಲ್ಲ ಬೈಯುವವರು. ನಾನು ಅವರ ಸಹಾಯಕಿ, ರೆನಾಟಾ ಶಿಮಾನ್ಸ್ಕಿ. ಇಡೀ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ ಎಲ್ಲರಿಗೂ ಶಿಮ್ ಆಗಿದ್ದೆ. ಹುಟ್ಟಿದ್ದು, ಬೆಳೆದದ್ದು ಟೊಲೀಡೊದಲ್ಲೇ. ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವನು. ಗ್ಲೇಜಿಯರ್ಸ್ ಸೋತ ಸೋಮವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ದಿನದ ಅಭ್ಯಾಸ ಮುಗಿದ ಮೇಲೆ ನಾವಿಬ್ಬರೂ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ವಿಡಿಯೊ ನೋಡುತ್ತಿದ್ದೆವು. ಪಂದ್ಯದಲ್ಲಿ ಚೆಂಡು ಒಮ್ಮೆ ಹೊರಟು ನಿಲ್ಲುವವರೆಗಿನದು ಒಂದು ಆಟ. ಒಂದೊಂದು ಆಟಕ್ಕೂ ಒಬ್ಬೊಬ್ಬ ರಿಸೀವರ್‌ಗೆ ಮೂರು ಕಡೆ ಅಂಕ. ಗೆರೆಯಿಂದ ಹೇಗೆ ಹೊರಟ. ಹೇಳಿದ ದಾರಿಯಲ್ಲಿ ಓಡಿ ಹೇಳಿದ ಜಾಗದಲ್ಲೇ ನಿಂತನೇ. ಚೆಂಡು ಬೇರೆಯವನ ಕೈಗೆ ಹೋದಾಗ ಎದುರಾಳಿಯನ್ನು ಅಡ್ಡಗಟ್ಟಿದನೇ. ಸರಿಯಾಗಿ ಮಾಡಿದರೆ ಎರಡು, ಅರೆಬರೆಯಾದರೆ ಒಂದು, ಮಾಡದಿದ್ದರೆ ಸೊನ್ನೆ. ಚೆಂಡು ಹಿಡಿದದ್ದಕ್ಕೆ ಬೇರೆ ಕಾಲಂ ಇತ್ತು. ಅದನ್ನು ಗೇಟ್‌ವುಡ್ ಕೊನೆಗೆ, ಒಲ್ಲದ ಮನಸ್ಸಿನಿಂದ ತುಂಬುತ್ತಿದ್ದರು.

ಆ ವರ್ಷದ ಆಗಸ್ಟ್‌ನಲ್ಲಿ ನಮ್ಮ ಹತ್ತಿರ ಹನ್ನೊಂದು ಜನ ರಿಸೀವರ್‌ಗಳಿದ್ದರು. ತಿಂಗಳ ಕೊನೆಯ ಮಂಗಳವಾರದ ಹೊತ್ತಿಗೆ ಐವರು ಉಳಿಯಬೇಕು, ಆರು ಜನ ಮನೆಗೆ ಹೋಗಬೇಕು. ಯಾರು ಎಷ್ಟನೆಯವನು ಎಂಬ ಪಟ್ಟಿ ಮಾಡುವುದು ನಮ್ಮ ಕೆಲಸ.

ಹನ್ನೊಂದು ಜನರಲ್ಲಿ ಇಬ್ಬರ ವಿಷಯಕ್ಕೇ ಎಲ್ಲ ರಾದ್ಧಾಂತವಾದದ್ದು. ಒಬ್ಬ ಜಲೀಲ್ ಪೆಟ್‌ವೇ. ಇಪ್ಪತ್ತೆರಡು ವರ್ಷ, ಕಾಲೇಜಿನಿಂದ ಆಗಷ್ಟೇ ಆರಿಸಿ ತಂದವನು. ಓಡಿದರೆ ಅಂಗಿ ಅವನಿಗಿಂತ ಹಿಂದೆ ಬೀಳುತ್ತದೇನೋ ಅನ್ನಿಸುವಷ್ಟು ವೇಗ. ಒಂದೂ ನಿಜವಾದ ಪಂದ್ಯ ಆಡುವ ಮೊದಲೇ ಊರಿನ ಮಕ್ಕಳೆಲ್ಲ ಅವನ ನಂಬರಿನ ಅಂಗಿ ತೊಟ್ಟು ಅಭ್ಯಾಸದ ಮೈದಾನದ ಬೇಲಿಗೆ ಜೋತು ಬೀಳುತ್ತಿದ್ದರು. ಇನ್ನೊಬ್ಬ ಆಲ್ಟನ್ ಬ್ರುಸಾರ್ಡ್. ಲೂಯಿಸಿಯಾನದವನು, ಮೂವತ್ತೆರಡು ವರ್ಷ, ಈ ಆಟದಲ್ಲಿ ಅದು ಮುದಿತನ. ಎಡಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಹುಡುಗರು ಅವನನ್ನು ತಾತ ಎಂದೇ ಕರೆಯುತ್ತಿದ್ದರು.

"ತಾತಾ, ಗಾಲಿಕುರ್ಚಿ ತರಿಸ್ಲಾ?" ಎಂದು ಪೆಟ್‌ವೇ ಒಂದು ಬೆಳಿಗ್ಗೆ ಮೈದಾನದಲ್ಲೇ ಕೂಗಿದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

"ತರ್ಸು ಮಗಾ" ಎಂದ ಬ್ರುಸಾರ್ಡ್, ಹೆಲ್ಮೆಟ್ ಸರಿಮಾಡಿಕೊಳ್ಳುತ್ತ. "ಹನ್ನೆರಡು ಗಜಕ್ಕೆ ನಿಲ್ಲು ಅಂದ್ರೆ ನೀನು ಹದಿನಾಲ್ಕಕ್ಕೆ ನಿಲ್ತೀಯ. ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ನಾನು ಕೂತ್ಕೊಂಡು ಊಟ ಮುಗ್ಸಿರ್ತೀನಿ."

"ನನ್ನ ಹಿಡಿಯೋಕಾದ್ರೆ ಹಿಡಿ ನೋಡೋಣ."

"ನಿನ್ನ ಯಾರು ಹಿಡೀಬೇಕು? ಚೆಂಡು ಹನ್ನೆರಡಕ್ಕೆ ಬರ್ತದೆ. ಎದುರು ಪಾರ್ಟಿಯವನು ಅದನ್ನ ಹಿಡಿದ್ರೆ ಸಾಕು."

ಅವನು ಹೇಳಿದ್ದು ನಿಜವಾಗಿತ್ತು. ಪೆಟ್‌ವೇಗೆ ಓಡುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಚೆಂಡು ಎಸೆಯುವವನು ಆಳನ್ನು ನೋಡಿ ಎಸೆಯುವುದಿಲ್ಲ, ಆಳು ಇರಬೇಕಾದ ಜಾಗಕ್ಕೆ ಎಸೆಯುತ್ತಾನೆ. ಎರಡು ಗಜ ಹೆಚ್ಚುಕಡಿಮೆಯಾದರೆ ಚೆಂಡು ಎದುರಾಳಿಯ ಎದೆಗೇ ಹೋಗಿ ಬೀಳುತ್ತದೆ. ಇನ್ನು ಅಡ್ಡಗಟ್ಟುವ ವಿಷಯಕ್ಕೆ ಬಂದರೆ, ಚೆಂಡು ತನಗಲ್ಲ ಎಂದು ಗೊತ್ತಾದ ಕೂಡಲೇ ಪೆಟ್‌ವೇ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದ.

ಗೇಟ್‌ವುಡ್ ಪಟ್ಟಿ ಮಾಡಿದಾಗ ಬ್ರುಸಾರ್ಡ್ ಮೂರನೆಯವನಾದ. ಪೆಟ್‌ವೇ ಎಂಟನೆಯವನಾದ.

ಪಟ್ಟಿ ಮೇಲಕ್ಕೆ ಹೋದ ಅರ್ಧ ಗಂಟೆಯಲ್ಲಿ ಗ್ರಾಂಟ್ ಲಿಂಡ್‌ಕ್ವಿಸ್ಟ್ ನಮ್ಮ ಕೋಣೆಗೆ ಇಳಿದು ಬಂದರು. ಅವರು ಆ ವರ್ಷ ಹೊಸದಾಗಿ ಬಂದ ಜನರಲ್ ಮ್ಯಾನೇಜರ್. ತಂಡಕ್ಕೆ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಪೆಟ್‌ವೇಯನ್ನು ಆರಿಸಿ ತಂದವರೂ ಅವರೇ. ಆಟಗಾರರ ಭುಜದ ಕವಚದೊಳಗೆ ಚಿಪ್ ಇಡಿಸಿ, ಯಾರು ಯಾವ ಕ್ಷಣದಲ್ಲಿ ಎಷ್ಟು ವೇಗದಲ್ಲಿದ್ದರು ಎಂಬುದನ್ನೆಲ್ಲ ತಮ್ಮ ಟ್ಯಾಬ್ಲೆಟ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು.

"ಕೋಚ್, ಈ ಪಟ್ಟಿ ಇನ್ನೊಂದ್ಸಲ ನೋಡ್ತೀರಾ?" ಎಂದು ಬಾಗಿಲಲ್ಲೇ ನಿಂತು ಮೆತ್ತಗೆ ಕೇಳಿದರು.

"ಎರಡು ಸಲ ನೋಡಿದೀನಿ" ಎಂದರು ಗೇಟ್‌ವುಡ್.

"ಮೂರನೇ ಸಲ."

"ಮೂರನೇ ಸಲ ನೋಡಿದ್ರೂ ಅವನು ಎಂಟೇ."

"ಹನ್ನೊಂದು ಜನರಲ್ಲಿ ಬ್ರುಸಾರ್ಡ್‌ನಷ್ಟು ನಿಧಾನ ಇನ್ನೊಬ್ಬನಿಲ್ಲ. ಚಿಪ್ ಸುಳ್ಳು ಹೇಳಲ್ಲ ಕೋಚ್."

"ಹೇಳಲ್ಲ. ಅವನು ಎಷ್ಟು ಜೋರಾಗಿ ಓಡ್ದ ಅಂತ ಹೇಳ್ತದೆ. ಎಲ್ಲಿಗೆ ಓಡ್ಬೇಕಿತ್ತು ಅಂತ ಅದಕ್ಕೆ ಗೊತ್ತಿಲ್ಲ."

ಲಿಂಡ್‌ಕ್ವಿಸ್ಟ್ ನಕ್ಕರು. "ಸೋಮವಾರ ಮಿಸೆಸ್ ವಿಂಗೇಟ್ ಬರ್ತಾರೆ. ಪೂರ್ತಿ ಪಟ್ಟಿ ಅವರ ಮುಂದೆ ಇಡ್ಬೇಕು. ಆ ಹುಡುಗನ ಅಡ್ಡಗಟ್ಟೋ ಅಂಕ ಒಂದಿಷ್ಟು ಸಡಿಲ ಮಾಡಿ. ಬೇರೇನೂ ಬೇಡ." ಮಿಸೆಸ್ ವಿಂಗೇಟ್ ಎಂದರೆ ತಂಡದ ಒಡತಿ.

"ಆಗಲ್ಲ."

"ಯೋಚನೆ ಮಾಡಿ ಹೇಳಿ."

"ಮಾಡಿಯೇ ಹೇಳ್ದೆ."

ಅವರು ಹೋದ ಮೇಲೆ ನಾನು, "ಕೋಚ್, ಒಂದು ನಾಲ್ಕು ಅಂಕಕ್ಕೆ ಇಷ್ಟೊಂದು ಹಟ ಬೇಕಾ?" ಎಂದೆ. ಕೇಳಬಾರದಿತ್ತು. ಅವರು ವಿಡಿಯೊ ನಿಲ್ಲಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತರು.

"ಹನ್ನೆರಡು ವರ್ಷದ ಹಿಂದೆ ಬೇರೆ ಊರಿನ ತಂಡದಲ್ಲಿದ್ದೆ. ಹೀಗೇ ಒಬ್ಬ ಬಂದ. ಹೀಗೇ ನಗ್ತಾ ಕೇಳ್ದ. ಒಂದು ಅಂಕ ಕೋಚ್, ಒಂದನ್ನ ಎರಡು ಮಾಡಿ ಅಂದ. ನಾನು ಮಾಡ್ದೆ. ಒಳ್ಳೆ ಹುಡುಗ, ಚೆಂಡು ಚೆನ್ನಾಗಿ ಹಿಡೀತಿದ್ದ. ಅಡ್ಡಗಟ್ಟೋಕೆ ಬರ್ತಿರ್ಲಿಲ್ಲ. ನನ್ನ ಕಾಗದದಲ್ಲಿ ಬರ್ತದೆ ಅಂತ ಇತ್ತು. ಕಾಗದ ನಂಬ್ಕೊಂಡು ಅವನ ಕಡೆಯಿಂದಲೇ ಚೆಂಡು ತಗೊಂಡು ಓಡೋ ಆಟ ಬರೆದ್ರು. ಲೆರಾಯ್ ಆಸ್ಕ್ಯೂ ಅಂತ ಓಡೋನು ಒಬ್ಬ ಇದ್ದ. ಈ ಹುಡುಗ ತಡೀದೆ ಬಿಟ್ಟ ಆಳು ಪಕ್ಕದಿಂದ ಬಂದು ಆಸ್ಕ್ಯೂ ಮಂಡಿ ಮೇಲೇ ಬಿದ್ದ." ಗೇಟ್‌ವುಡ್ ತಮ್ಮ ಮೊಣಕಾಲು ಮುಟ್ಟಿಕೊಂಡರು. "ನಲವತ್ತು ಗಜ ದೂರ ಇದ್ದೆ ಕಣಮ್ಮ. ಆ ಸದ್ದು ನಂಗೆ ಕೇಳಿಸ್ತು. ಆಸ್ಕ್ಯೂ ಮತ್ತೆ ಮೈದಾನಕ್ಕೆ ಇಳೀಲಿಲ್ಲ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಯಾರ ತಪ್ಪೂ ಅಲ್ಲ ಬಿಡಿ ಕೋಚ್ ಅಂದ. ಅವನಿಗೆ ಗೊತ್ತಿರ್ಲಿಲ್ಲ."

ಆಮೇಲೆ ಅವರು ವಿಡಿಯೊ ಮತ್ತೆ ಹಾಕಿದರು. ಆ ವಿಷಯ ಇನ್ನೊಮ್ಮೆ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರ ಕುರ್ಚಿ ಖಾಲಿಯಿತ್ತು. ಗೇಟ್‌ವುಡ್ ಅವರಿಗೆ ಮೊಣಕಾಲಿನ ನೋವಿಗಾಗಿ ರಜೆ ಎಂದು ಎಲ್ಲರಿಗೂ ಸಂದೇಶ ಬಂದಿತ್ತು. ಮೊಣಕಾಲಿಗಾಗಿ ಅವರು ಒಂದು ದಿನವೂ ರಜೆ ಹಾಕಿದವರಲ್ಲ. ಹತ್ತು ಗಂಟೆಗೆ ಲಿಂಡ್‌ಕ್ವಿಸ್ಟ್ ನನ್ನನ್ನು ಮೇಲಕ್ಕೆ ಕರೆಸಿದರು.

"ಕೂತ್ಕೋ ಶಿಮ್" ಎಂದರು. ಕಾಫಿ ತಾವೇ ಸುರಿದು ಕೊಟ್ಟರು. "ನಾಳೆ ಪಂದ್ಯಕ್ಕೆ ರಿಸೀವರ್‌ಗಳನ್ನ ನೀನೇ ನೋಡ್ಕೋತೀಯ. ಸೋಮವಾರ ಹೊಸ ಪಟ್ಟಿ ಕೊಡು. ಎಲ್ಲ ಸರಿಹೋದ್ರೆ ಈ ವರ್ಷವಿಡೀ ನೀನೇ ಕೋಚ್. ಸಹಾಯಕಿ ಅಲ್ಲ, ಕೋಚ್."

ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಹನ್ನೊಂದು ವರ್ಷ ಹೈಸ್ಕೂಲು, ಕಾಲೇಜುಗಳ ಮೈದಾನಗಳಲ್ಲಿ ಅಭ್ಯಾಸಕ್ಕೆ ಗುರುತಿನ ಕೋನ್ ಜೋಡಿಸಿದವಳು ನಾನು. ಇಂಥ ತಂಡದಲ್ಲಿ ಒಂದು ಕೋಣೆಯ ಬಾಗಿಲ ಮೇಲೆ ನನ್ನ ಹೆಸರು ಬರುತ್ತದೆ ಎಂದು ಅಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

"ನಾನು ಮೊದಲಿಂದ ನೋಡ್ತೀನಿ" ಎಂದೆ. "ಗೇಟ್‌ವುಡ್ ಕೊಟ್ಟ ಅಂಕ ಪಕ್ಕಕ್ಕಿಟ್ಟು, ಎಲ್ಲ ಆಟಕ್ಕೂ ನಂದೇ ಅಂಕ ಹಾಕ್ತೀನಿ."

"ಅದೇ ನಂಗೂ ಬೇಕಾಗಿರೋದು" ಎಂದು ಲಿಂಡ್‌ಕ್ವಿಸ್ಟ್ ಎದ್ದು ಕೈ ಕುಲುಕಿದರು.

ಶನಿವಾರ ಮಧ್ಯಾಹ್ನ ಅಭ್ಯಾಸ ಪಂದ್ಯಗಳಲ್ಲಿ ಕೊನೆಯದು. ಬಿಸಿಲಿಗೆ ನದಿಯ ಕಡೆಯ ಗಾಳಿಯೂ ಸತ್ತಿತ್ತು. ಮೂರನೆಯ ಕಾಲುಭಾಗದಲ್ಲಿ ಪೆಟ್‌ವೇ ಬಲಗಡೆ ಒಂದು ಚಿಕ್ಕ ಎಸೆತ ಹಿಡಿದು, ಇಬ್ಬರನ್ನು ಜಾರಿಸಿ, ಅರವತ್ನಾಲ್ಕು ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಕ್ರೀಡಾಂಗಣವೇ ಎದ್ದು ನಿಂತು ಅವನ ಹೆಸರು ಕೂಗಿತು. ನಾನೂ ಕೂಗಿದೆ. ಅವನು ಬಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಕೆಳಗಿಳಿಸಿದ. "ಎಷ್ಟು ಅಂಕ ಕೋಚ್?" ಎಂದ. ಮೊದಲ ಸಲ ನನ್ನನ್ನು ಯಾರೋ ಕೋಚ್ ಎಂದದ್ದು.

"ಸೋಮವಾರ ಹೇಳ್ತೀನಿ, ಹೋಗೋ" ಎಂದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಕೋಣೆ ಸೇರಿದೆ. ಅಮ್ಮ ಕಟ್ಟಿಕೊಟ್ಟ ಕೋಸಿನ ಸುರುಳಿಗಳನ್ನು ತಣ್ಣಗೇ ತಿನ್ನುತ್ತ, ಅಭ್ಯಾಸ ಮತ್ತು ಮೂರು ಪಂದ್ಯಗಳ ಒಂದೊಂದು ಆಟವನ್ನೂ ಹಿಂದೆ ಮುಂದೆ ಓಡಿಸಿ ನೋಡಿದೆ. ಪೆಟ್‌ವೇ ಮೇಲೆ ಬರಲಿ ಎಂದು ಮನಸ್ಸು ಹಾರೈಸುತ್ತಲೇ ಇತ್ತು. ಅವನ ಒಂದು ಸೊನ್ನೆ ಒಂದಾದರೆ ಸಾಕು, ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಹಾಗೆ ಆದದ್ದೂ ಉಂಟು. ಕೊನೆಯ ಒಂದೆರಡು ದಿನದ ಅಭ್ಯಾಸದಲ್ಲಿ ಅವನು ನಿಲ್ಲುವುದನ್ನು ಸ್ವಲ್ಪ ಕಲಿತಿದ್ದ, ಗೇಟ್‌ವುಡ್ ಪಟ್ಟಿ ಮಾಡಿದ ಮೇಲೆ. ಎಂಟರಿಂದ ಏಳಕ್ಕೆ ಬಂದ. ಶನಿವಾರದ ಪಂದ್ಯ ಸೇರಿಸಿದಾಗ ಆರಕ್ಕೆ ಬಂದ.

ಅಲ್ಲಿಗೆ ನಿಂತ. ಐದನೆಯವನು ಸ್ಯಾಂಡರ್ ಡಾಯ್ಲ್ ಎಂಬ, ಯಾರ ಕಣ್ಣಿಗೂ ಬೀಳದ ಮೂರನೆಯ ವರ್ಷದ ಹುಡುಗ. ಅವನಿಗೂ ಪೆಟ್‌ವೇಗೂ ಎಂಟು ಅಂಕ ಅಂತರ. ಮತ್ತೆ ಕೂಡಿಸಿದೆ. ಎಂಟೇ.

ಇನ್ನೊಂದು ಸಂಗತಿಯೂ ಕಂಡಿತು. ಬ್ರುಸಾರ್ಡ್‌ಗೆ ಗೇಟ್‌ವುಡ್ ನಾಲ್ಕು ಆಟಗಳಲ್ಲಿ ಹೆಚ್ಚು ಕೊಟ್ಟಿದ್ದರು. ನಾನು ಅವನ್ನು ಇಳಿಸಿದೆ. ಅವನು ಮೂರರಿಂದ ನಾಲ್ಕಕ್ಕೆ ಜಾರಿದ. ಮನಸ್ಸು ತಡೆಯದೆ ಗೇಟ್‌ವುಡ್ ಮನೆಗೆ ಫೋನ್ ಮಾಡಿದೆ.

"ಕೋಚ್, ತಪ್ಪು ತಿಳೀಬೇಡಿ. ನಾಲ್ಕು ಆಟದಲ್ಲಿ ನೀವು ಬ್ರುಸಾರ್ಡ್‌ಗೆ ಜಾಸ್ತಿ ಹಾಕಿದೀರ."

"ಯಾವ್ಯಾವ್ದು?"

ಹೇಳಿದೆ. ಅವರಿಗೆ ವಿಡಿಯೊ ಬೇಕಾಗಲಿಲ್ಲ, ಎಲ್ಲ ಕಣ್ಣ ಮುಂದೆಯೇ ಇತ್ತು.

"ಹಾಕಿದೀನಿ" ಎಂದರು.

"ಯಾಕೆ?"

"ಅವನಂದ್ರೆ ಇಷ್ಟ ಕಣಮ್ಮ, ಇನ್ನೇನು? ಇಳಿಸು. ಅಲ್ಲ, ಇನ್ನೂ ಇಳಿಸಿಲ್ವಾ ನೀನು?"

"ಇಳಿಸಿಯೇ ಫೋನ್ ಮಾಡಿದ್ದು."

"ಮತ್ತೆ ನನ್ನ ಕೇಳೋದೇನಿದೆ?" ಎಂದು ಬೈದು ಫೋನ್ ಇಟ್ಟರು.

ಸೋಮವಾರ ಎಂಟು ಗಂಟೆಗೆ ಪಟ್ಟಿಯನ್ನು ಲಿಂಡ್‌ಕ್ವಿಸ್ಟ್ ಮೇಜಿನ ಮೇಲಿಟ್ಟೆ. ಅವರು ಬೆರಳಿನಿಂದ ಒಂದೊಂದೇ ಹೆಸರು ದಾಟುತ್ತ ಬಂದು ಆರಕ್ಕೆ ನಿಂತರು. ಮುಖದಲ್ಲಿ ಕೋಪ ಕಾಣಲಿಲ್ಲ. ಗೆದ್ದೆ ಎನ್ನುವಂತಿತ್ತು.

"ಒಳ್ಳೆ ಕೆಲಸ. ಎಂಟರಿಂದ ಆರಕ್ಕೆ ತಂದಿದೀಯ. ಇನ್ನು ಒಂದೇ ಜಾಗ."

"ಅವನೇ ಬಂದದ್ದು. ನಾನು ತಂದದ್ದಲ್ಲ."

"ಸರಿ, ಸರಿ. ಅವನನ್ನ ಎತ್ತೋದು ಬೇಡ. ಬ್ರುಸಾರ್ಡ್‌ನ ಎರಡು ಮೆಟ್ಲು ಇಳಿಸು. ತಾನಾಗೇ ಎಲ್ಲ ಸರಿಹೋಗ್ತದೆ. ಹೇಗೂ ನೀನೇ ಆಗ್ಲೇ ಒಂದು ಮೆಟ್ಲು ಇಳಿಸಿದೀಯಲ್ಲ."

ಆ ಮಾತು ನನಗೆ ಚುಚ್ಚಿತು. ನನ್ನ ಪ್ರಾಮಾಣಿಕತೆಯನ್ನೇ ಅವರು ಏಣಿ ಮಾಡಿಕೊಂಡಿದ್ದರು.

"ಒಂದು ಮೆಟ್ಲು ಅವನಾಗಿ ಇಳಿದದ್ದು" ಎಂದೆ. "ಇನ್ನೆರಡು ನೀವು ದಬ್ಬೋದು. ನಾನು ಬರೆಯಲ್ಲ."

"ಶಿಮ್, ಕೇಳು." ಅವರು ಟ್ಯಾಬ್ಲೆಟ್ ಬದಿಗಿಟ್ಟರು. ಆಗ ಹೇಳಿದ್ದನ್ನು ಅವರು ಮನಸ್ಸಿನಿಂದಲೇ ಹೇಳಿದರು ಎಂದು ನನಗೆ ಇವತ್ತಿಗೂ ಅನಿಸುತ್ತದೆ. "ನಾನು ಈ ಸೆಪ್ಟೆಂಬರಿಗೆ ತಂಡ ಕಟ್ತಿಲ್ಲ. ಮೂರು ವರ್ಷ ಆಚೆಗೆ ಕಟ್ತಿದೀನಿ. ಇಪ್ಪತ್ತೆರಡರವನು ಕಲೀತಾನೆ. ಮೂವತ್ತೆರಡರವನಿಗೆ ನಾಳೆ ವೇಗ ಬರಲ್ಲ. ಇದರಲ್ಲಿ ತಪ್ಪೇನಿದೆ?"

"ಏನೂ ಇಲ್ಲ. ಹಾಗಾದ್ರೆ ಹಾಗೇ ಹೇಳಿ. ವಯಸ್ಸಾಯ್ತು, ಅದಕ್ಕೆ ಬಿಡ್ತಿದೀನಿ ಅನ್ನಿ. ಅವನಿಗೆ ಆಡೋಕೆ ಬರಲ್ಲ ಅಂತ ನನ್ನ ಕೈಲಿ ಬರೆಸ್ಬೇಡಿ."

"ಎರಡೂ ಒಂದೇ ಅಲ್ವಾ? ಕೊನೆಗೆ ಅವನು ಹೋಗ್ತಾನೆ."

"ಒಂದೇ ಅಂತಿದ್ರೆ ನೀವೇ ಬರೀರಿ. ನನ್ನ ಪಟ್ಟಿ ಹೀಗೇ ಇರ್ಲಿ, ಪಕ್ಕದಲ್ಲಿ ನಿಮ್ದು ಇಡಿ. ಕೆಳಗೆ ನಿಮ್ಮ ಹೆಸರು ಹಾಕಿ."

"ಕೋಚ್ ಕೆಲಸ ಬೇಡ್ವಾ ನಿಂಗೆ?"

"ಬೇಕು. ತುಂಬ ಬೇಕು." ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. "ಈ ಕಾಗದ ತಿದ್ದಿ ಕೋಚ್ ಆದ್ರೆ, ನಾಳೆ ನಾನು ಹಾಕಿದ ಅಂಕ ಯಾವ ಹುಡುಗ ನಂಬ್ತಾನೆ? ನಾನೇ ನಂಬಲ್ಲ."

ಒಂಬತ್ತಕ್ಕೆ ಮಿಸೆಸ್ ವಿಂಗೇಟ್ ಬಂದರು. ಎಂಬತ್ತರ ಹತ್ತಿರದ ಹೆಂಗಸು, ಆಗಸ್ಟ್ ಬಿಸಿಲಲ್ಲೂ ಏಸಿಗೆ ಹೆದರಿ ಉಣ್ಣೆಯ ಅಂಗಿ ಹಾಕಿಕೊಂಡಿದ್ದರು. ಹೆಡ್ ಕೋಚ್ ಒಂದು ಮೂಲೆಯಲ್ಲಿ ಕೂತು ಪೆನ್ನು ತಿರುಗಿಸುತ್ತಿದ್ದರು, ಯಾರ ಪಕ್ಷವೂ ಅಲ್ಲ ಎನ್ನುವಂತೆ. ನನ್ನ ಪಟ್ಟಿ, ತಿದ್ದದೆ ಇದ್ದ ಹಾಗೆಯೇ, ಮೇಜಿನ ಮೇಲಿತ್ತು. ಲಿಂಡ್‌ಕ್ವಿಸ್ಟ್ ದೊಡ್ಡ ಪರದೆಯ ಮೇಲೆ ಶನಿವಾರದ ಟಚ್‌ಡೌನ್ ಹಾಕಿದರು. ಪೆಟ್‌ವೇ ಹಾರಿದ, ಓಡಿದ, ಗೆರೆ ದಾಟಿದ.

"ಇಂಥವನನ್ನ ನಮ್ಮ ಪಟ್ಟಿ ಮನೆಗೆ ಕಳ್ಸಿ ಅಂತದೆ" ಎಂದರು.

"ಇದೇ ಆಟಕ್ಕೆ ಅವನಿಗೆ ಪೂರ್ತಿ ಅಂಕ ಹಾಕಿದೀನಿ" ಎಂದೆ. "ಮೇಡಂ, ಇನ್ನೊಂದ್ಸಲ ಹಾಕ್ಲಾ? ಈ ಸಲ ಅವನನ್ನ ನೋಡ್ಬೇಡಿ. ಎಡಗಡೆ ಕೊನೇಲಿ ನಿಂತಿರೋ ಎಂಬತ್ತೊಂದನೇ ನಂಬರ್ ನೋಡಿ."

ಎಂಬತ್ತೊಂದು ಬ್ರುಸಾರ್ಡ್. ಚೆಂಡು ಬಲಗಡೆಗೆ ಹೋಗುವುದು ಅವನಿಗೆ ಮೊದಲೇ ಗೊತ್ತು. ಆಟ ಶುರುವಾದ ಕ್ಷಣದಿಂದ ಅವನು ಮೈದಾನದ ಅಡ್ಡಕ್ಕೆ, ಇನ್ನೂ ಯಾರೂ ಇಲ್ಲದ ಒಂದು ಜಾಗಕ್ಕೆ ಓಡತೊಡಗಿದ. ಯಾರ ಕಡೆಯೂ ನೋಡಲಿಲ್ಲ. ನಲವತ್ತು ಗಜ ಹೋದ ಮೇಲೆ ಎದುರು ತಂಡದ ಕೊನೆಯ ರಕ್ಷಕ ಪೆಟ್‌ವೇಯನ್ನು ಹಿಡಿಯಲು ಅದೇ ಜಾಗಕ್ಕೆ ಬಂದ. ಬ್ರುಸಾರ್ಡ್ ಅಲ್ಲಿದ್ದ. ಎದೆಗೆ ಎದೆ ಕೊಟ್ಟು ನಿಂತ. ಪೆಟ್‌ವೇ ಅವರಿಬ್ಬರ ಬೆನ್ನ ಹಿಂದಿನಿಂದ ಗಾಳಿಯಂತೆ ಹೋದ.

"ಅಷ್ಟು ನಿಧಾನ ಓಡೋನು ಅಲ್ಲಿಗೆ ಹೆಂಗೆ ಮುಟ್ಟಿದ?" ಎಂದು ಮುದುಕಿ ಕೇಳಿದರು.

"ಮೊದಲೇ ಹೊರಟಿದ್ದ ಮೇಡಂ."

ಅವರು ಇನ್ನೂ ಎರಡು ಸಲ ಹಾಕಿಸಿಕೊಂಡು ನೋಡಿದರು. ಇನ್ನೇನು ಬ್ರುಸಾರ್ಡ್ ಉಳಿದ ಎಂದುಕೊಂಡೆ.

"ಗ್ರಾಂಟ್" ಎಂದರು ಮಿಸೆಸ್ ವಿಂಗೇಟ್, "ತಂಡ ನಡೆಸೋಕೆ ಅಂತ ನಿನ್ನ ತಂದಿದೀನಿ. ನಿನ್ನ ಕೆಲಸದಲ್ಲಿ ನಾನು ಕೈ ಹಾಕಲ್ಲ. ನಿನ್ನ ತೀರ್ಮಾನ ಏನು?"

"ಪೆಟ್‌ವೇ ಇರ್ಬೇಕು. ಬ್ರುಸಾರ್ಡ್ ಹೋಗ್ಬೇಕು."

"ಸರಿ. ಹಾಗಂತ ನೀನೇ ಬರ್ದು ಕೆಳಗೆ ಸಹಿ ಹಾಕು. ಈ ಹುಡುಗಿ ಪಟ್ಟಿ ಮುಟ್ಟಬೇಡ. ಎರಡನ್ನೂ ನನ್ನ ಕಡತದಲ್ಲಿ ಇಡು."

ಲಿಂಡ್‌ಕ್ವಿಸ್ಟ್ ಕಿವಿ ಕೆಂಪಾಯಿತು. ಆದರೆ ಹಿಂಜರಿಯಲಿಲ್ಲ. ಪೆನ್ನು ತೆಗೆದು, ಎರಡು ಸಾಲು ಬರೆದು, ತಮ್ಮ ಹೆಸರು ಹಾಕಿದರು. ಅಷ್ಟರಮಟ್ಟಿಗೆ ಅವರನ್ನು ನಾನು ಮೆಚ್ಚುತ್ತೇನೆ.

ಮುಂದೆ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೇಟ್‌ವುಡ್ ಮತ್ತೆ ಬರಲಿಲ್ಲ. ಬೇರೆ ಊರಿನಿಂದ ಹೊಸ ಕೋಚ್ ಬಂದ. ನನಗೆ ಕೋಚ್ ಪಟ್ಟ ಸಿಗಲಿಲ್ಲ, ಕೆಲಸವೂ ಹೋಗಲಿಲ್ಲ. ಎದುರು ತಂಡಗಳ ವಿಡಿಯೊ ಕತ್ತರಿಸುವ ಕೆಲಸಕ್ಕೆ ನೆಲಮಾಳಿಗೆಗೆ ಇಳಿಸಿದರು. ಅಲ್ಲಿಂದಲೇ ಪ್ರತಿ ವಾರ ಯಾರೂ ಕೇಳದಿದ್ದರೂ ರಿಸೀವರ್‌ಗಳ ಅಂಕ ಹಾಕಿ ಹೊಸ ಕೋಚ್‌ನ ಮೇಜಿನ ಮೇಲಿಟ್ಟು ಬರುತ್ತಿದ್ದೆ. ಮೂರು ಸಲ ಬೇಡ ಎಂದು ಹೇಳಿ ಕಳಿಸಿದ. ನಾಲ್ಕನೆಯ ಸಲ ಏನೂ ಹೇಳಲಿಲ್ಲ. ಆಲ್ಟನ್ ಬ್ರುಸಾರ್ಡ್‌ನನ್ನು ಎರಡೇ ದಿನದಲ್ಲಿ ಪಶ್ಚಿಮದ ಒಂದು ತಂಡ ಕರೆದುಕೊಂಡಿತು. ಅಲ್ಲಿ ಇನ್ನೂ ಎರಡು ವರ್ಷ ಆಡಿದ. ಪೆಟ್‌ವೇ ಮೊದಲ ವರ್ಷ ನಿಲ್ಲಬೇಕಾದಲ್ಲಿ ನಿಲ್ಲದೆ ತಂಡ ಎರಡು ಪಂದ್ಯ ಸೋಲುವಂತೆ ಮಾಡಿದ, ಎರಡನೆಯ ವರ್ಷ ಎಲ್ಲರೂ ಬೆರಗಾಗುವ ಹಾಗೆ ಆಡಿದ. ಲಿಂಡ್‌ಕ್ವಿಸ್ಟ್ ಹೇಳಿದ್ದು ಸುಳ್ಳಾಗಲಿಲ್ಲ. ನನ್ನ ಅಂಕವೂ ಸುಳ್ಳಾಗಲಿಲ್ಲ. ಆ ಆಗಸ್ಟ್‌ನಲ್ಲಿ ಪೆಟ್‌ವೇ ಆರನೆಯವನೇ.

ನನಗೆ ಹೇಳಬೇಕೆನಿಸುವುದು ಆ ಮಂಗಳವಾರದ ಮಧ್ಯಾಹ್ನದ ಸಂಗತಿ.

ಬಿಟ್ಟ ಆಟಗಾರರಿಗೆ ಸುದ್ದಿ ಹೇಳುವುದಕ್ಕೆ ಕಚೇರಿಯಲ್ಲಿ ಬೇರೆಯೇ ಒಬ್ಬರಿರುತ್ತಾರೆ. ಬ್ರುಸಾರ್ಡ್‌ಗೆ ನಾನೇ ಹೇಳುತ್ತೇನೆ ಎಂದು ಹೋದೆ. ಅವನು ತನ್ನ ಸಾಮಾನನ್ನೆಲ್ಲ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದ. ನನ್ನ ಮುಖ ನೋಡಿಯೇ ತಿಳಿದುಕೊಂಡ.

"ಸರಿ ಬಿಡು" ಎಂದ. "ಪೆಟ್‌ವೇ ಉಳಿದ್ನಾ?"

"ಉಳಿದ."

"ನಿನ್ನ ಪಟ್ಟೀಲಿ ನಾನೆಷ್ಟು?"

"ನಾಲ್ಕು. ನಿನ್ನ ಬಿಟ್ಟದ್ದು ನನ್ನ ಪಟ್ಟಿಯಿಂದ ಅಲ್ಲ. ಅದು ನಿಂಗೆ ಗೊತ್ತಿರ್ಲಿ ಅಂತ ಬಂದೆ."

ಚೀಲದ ಬಾಯಿ ಕಟ್ಟುತ್ತಿದ್ದವನು ನಿಂತ. "ನಾಲ್ಕಾ? ಗೇಟ್‌ವುಡ್ ಮೂರು ಹಾಕಿದ್ರಲ್ಲ!"

"ನಾಲ್ಕು ಆಟದಲ್ಲಿ ಜಾಸ್ತಿ ಹಾಕಿದ್ರು. ನಾನು ಇಳಿಸ್ದೆ."

"ಯಾವ ನಾಲ್ಕು?"

"ಆಲ್ಟನ್, ಈಗ ಅದೆಲ್ಲ ಯಾಕೆ..."

"ಯಾವ ನಾಲ್ಕು ಅಂತ ಕೇಳ್ದೆ. ನನ್ನನ್ನ ಕೆಲಸದಿಂದ ತೆಗೀಲಿ, ಅದು ಅವರ ಮನೆ. ಮಾಡಿದ ಆಟ ನಂದು. ತೋರ್ಸು ನಡಿ."

ಚೀಲವನ್ನು ಹೆಗಲಿಗೇರಿಸಿಕೊಂಡು ಅವನೇ ಮುಂದಾಗಿ ಕಿಟಕಿಯಿಲ್ಲದ ಕೋಣೆಗೆ ಹೋಗಿ ಕೂತ. ನಾನು ಮೊದಲನೆಯದನ್ನು ಹಾಕಿದೆ. ಅಡ್ಡಗಟ್ಟಿದ್ದ ಎದುರಾಳಿಯನ್ನು ಅವನು ಅರೆಕ್ಷಣ ಮೊದಲೇ ಬಿಟ್ಟಿದ್ದ. ನೋಡಿದ, ಮೂಗಿನಲ್ಲಿ ಉಸಿರು ಬಿಟ್ಟ. "ಒಪ್ದೆ. ಒಂದೇ ಸರಿ. ಮುಂದಿನದು." ಎರಡನೆಯದರಲ್ಲಿ ಗೆರೆಯಿಂದ ತಡವಾಗಿ ಹೊರಟಿದ್ದ. ಅದನ್ನೂ ಒಪ್ಪಿದ, ತನ್ನನ್ನು ತಾನೇ ಬೈದುಕೊಂಡು.

ಮೂರನೆಯದಕ್ಕೆ ಎದ್ದು ನಿಂತ. "ಇದಕ್ಕೆ ಯಾಕೆ ಒಂದು?"

"ಹತ್ತು ಗಜಕ್ಕೆ ನಿಲ್ಬೇಕಿತ್ತು. ಏಳಕ್ಕೇ ನಿಂತಿದೀಯ."

"ಆ ಕಡೆ ಕ್ಯಾಮೆರಾದ್ದು ಹಾಕು."

"ನೋಡಿದೀನಿ."

"ಎಸೆಯೋನ ಎಡಗೈ ನೋಡಿದೀಯಾ?"

ನೋಡಿರಲಿಲ್ಲ. ಹಾಕಿದೆ. ಆಟ ಶುರುವಾಗುವ ಒಂದು ಉಸಿರು ಮೊದಲು, ಚೆಂಡೆಸೆಯುವವನು ತೊಡೆಯ ಮೇಲೆ ಎರಡು ಸಲ ತಟ್ಟಿ ಓಟದ ದಾರಿ ಬದಲಿಸಿದ್ದ. ಮೈದಾನದಲ್ಲಿದ್ದ ನಮ್ಮ ಹನ್ನೊಂದು ಆಟಗಾರರಲ್ಲಿ ಬ್ರುಸಾರ್ಡ್ ಒಬ್ಬನೇ ಅದನ್ನು ಕಂಡಿದ್ದ. ಏಳಕ್ಕೆ ನಿಂತದ್ದೇ ಸರಿ.

ನಾನು ರಬ್ಬರ್ ತೆಗೆದುಕೊಂಡು ಒಂದನ್ನು ಅಳಿಸಿ ಎರಡು ಬರೆದೆ. ಅವನು ಭುಜದ ಮೇಲಿಂದ ಬಗ್ಗಿ ನೋಡಿದ.

"ಮೂರನೆಯವನಿಗೂ ನನಗೂ ಎಷ್ಟು ಅಂತರ ಇತ್ತು?"

"ಎರಡು."

"ಈಗ?"

"ಒಂದು. ಈಗಲೂ ನಾಲ್ಕೇ ನೀನು."

ಬಾಗಿಲಲ್ಲಿ ಭದ್ರತಾ ಸಿಬ್ಬಂದಿಯವನೊಬ್ಬ ಬಂದು ನಿಂತಿದ್ದ. ಗೇಟಿನ ಕಾರ್ಡ್ ವಾಪಸ್ ತೆಗೆದುಕೊಳ್ಳಬೇಕಿತ್ತು. ಪಾಪ, ಹೇಗೆ ಕೇಳುವುದೆಂದು ತಿಳಿಯದೆ ಕೆಮ್ಮಿದ. ಬ್ರುಸಾರ್ಡ್ ಕುತ್ತಿಗೆಯಿಂದ ಕಾರ್ಡ್ ತೆಗೆದು, ತಿರುಗಿ ನೋಡದೆ ಅವನ ಕೈಗಿತ್ತ.

"ತಗೋಳಪ್ಪ. ಬಾಗ್ಲು ಎಳ್ಕೊಂಡು ಹೋಗು" ಎಂದ. ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ನಾಲ್ಕನೇದು ಹಾಕು ಶಿಮ್. ಅದ್ರಲ್ಲಿ ನೀನು ಖಂಡಿತ ತಪ್ಪು ಮಾಡಿದೀಯ."

"ಮಾಡಿಲ್ಲ" ಎಂದು ನಾನೂ ಕುರ್ಚಿ ಎಳೆದುಕೊಂಡೆ.